ರಂಧ್ರಮಯ ವಸ್ತುಗಳಲ್ಲಿ ದ್ರವಪ್ರವಾಹ: ಕಣಗಣನೆಯ ವಿಧಾನದ ಇತಿಹಾಸ

1

ಕೆರೆಯ ಅಂಗಳದಲ್ಲಿ ನಿಂತ ನೀರು ನೆಲಕ್ಕೆ ಇಂಗಿ, ಏರಿಯ ಕೆಳಗಣ ಬಾವಿಗಳಲ್ಲಿ ಊಟೆಯಾಗಿ ಕಾಣಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ಮೈ ಸದಾ ಒದ್ದೆಯಾಗಿರುತ್ತದೆ. ಕಲ್ಲೆಣ್ಣೆಯು ಮರಳುಗಲ್ಲಿನ ಪದರಗಳ ಸಂದುಗಳಲ್ಲಿ ಅಡಗಿರುತ್ತದೆಯೇ ಹೊರತು, ಹಲವರು ಊಹಿಸುವಂತೆ ನೆಲದಡಿಯ ಸರೋವರಗಳಲ್ಲಿ ನಿಂತಿರುವುದಿಲ್ಲ. ನೋಟಕ್ಕೆ ಬೇರೆ ಬೇರೆಯಾದ ಈ ವ್ಯಾಪಾರಗಳೆಲ್ಲ ವಸ್ತುತಃ ಒಂದೇ ವರ್ಗಕ್ಕೆ ಸೇರಿದುವು. ಘನವಸ್ತುವೊಂದರ ಒಳಗೆ ಪರಸ್ಪರ ಕೂಡಿಕೊಂಡ ಅಸಂಖ್ಯ ರಂಧ್ರಗಳಿವೆ; ಆ ರಂಧ್ರಗಳ ಮೂಲಕ ದ್ರವವು ದಾರಿ ಮಾಡಿಕೊಂಡು ಸಾಗುತ್ತದೆ.

ಇಲ್ಲಿ ಎರಡು ಗುಣಗಳನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯಕ. ವಸ್ತುವಿನ ಒಟ್ಟು ಗಾತ್ರದಲ್ಲಿ ರಂಧ್ರಗಳ ಪಾಲು ಎಷ್ಟೆಂಬುದನ್ನು ರಂಧ್ರತೆ ಎನ್ನೋಣ. ದ್ರವವು ಎಷ್ಟು ಸುಲಭವಾಗಿ ಅದರೊಳಗೆ ಹಾದುಹೋಗಬಲ್ಲುದೆಂಬುದನ್ನು ಪಾರಗಮ್ಯತೆ ಎನ್ನೋಣ. ಇವೆರಡೂ ಒಂದೇ ಅಲ್ಲ. ಜೇಡಿಮಣ್ಣಿನ ರಂಧ್ರತೆ ಅನೇಕ ವೇಳೆ ಮರಳಿನದಕ್ಕಿಂತ ಹೆಚ್ಚಾಗಿರುತ್ತದೆ. ಆದರೂ ಅದು ನೀರನ್ನು ಬಿಡುವುದಿಲ್ಲ. ಕೆರೆಯ ಏರಿಗೆ ಜೇಡಿಯನ್ನು ತುಂಬುವ ಒಡ್ಡರು ಈ ಭೇದವನ್ನು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲವರಾಗಿದ್ದರು. ಜೇಡಿಯ ರಂಧ್ರಗಳು ಬಹುಸಂಖ್ಯೆಯಲ್ಲಿದ್ದರೂ ಅತಿ ಸೂಕ್ಷ್ಮವಾಗಿರುವುದರಿಂದ, ನೀರು ಪ್ರತಿ ಹೆಜ್ಜೆಗೂ ಗೋಡೆಗೆ ಅಂಟಿಕೊಳ್ಳುತ್ತ ಮುಂದುವರಿಯಲಾರದೆ ಹೋಗುತ್ತದೆ.

ಇಂತಹ ಪ್ರವಾಹವನ್ನು ಗಣಕಯಂತ್ರದಲ್ಲಿ, ದ್ರವವನ್ನು ಕಣಗಳ ಸಮೂಹವೆಂದು ಭಾವಿಸಿ, ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡುವ ವಿಧಾನ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಇತಿಹಾಸವನ್ನು ಬೋಧಿಸುವ ನಮಗೆ ಇದರಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದಾಗಿ, ವಿಜ್ಞಾನದ ಪ್ರತಿಯೊಂದು ವಿಧಾನಕ್ಕೂ ಒಂದು ಚರಿತ್ರೆಯಿದೆ. ಎರಡನೆಯದಾಗಿ, ಯಾರೂ ಕಣ್ಣಾರೆ ಕಾಣದುದನ್ನು ಕುರಿತು ಯಂತ್ರವು ನುಡಿಯುವ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆ, ಶಾಸನ ಕಡತಗಳ ಮುಂದೆ ಕುಳಿತ ಚರಿತ್ರಕಾರನಿಗೆ ಅಪರಿಚಿತವಾದುದೇನಲ್ಲ.

2

ಈ ಕಥೆಯ ಆರಂಭ ಫ್ರಾನ್ಸಿನ ಡಿಜೋನ್ ನಗರದಲ್ಲಿದೆ. ಆನ್ರಿ ಡಾರ್ಸಿ ಎಂಬ ಎಂಜಿನಿಯರು ಅಲ್ಲಿ 1803ರಲ್ಲಿ ಜನಿಸಿದನು. ಆ ಕಾಲದಲ್ಲಿ ಡಿಜೋನಿನ ಕುಡಿಯುವ ನೀರಿನ ಸ್ಥಿತಿ ಶೋಚನೀಯವಾಗಿದ್ದಿತು. ಡಾರ್ಸಿಯು ರೊಸ್ವಾರ್ ಎಂಬ ಊಟೆಯಿಂದ ಸುಮಾರು 12.7 ಕಿಲೋಮೀಟರ್ ಉದ್ದದ ಮುಚ್ಚುಗಾಲುವೆಯನ್ನು ಕಟ್ಟಿಸಿ, 1840ರಲ್ಲಿ ನಗರಕ್ಕೆ ನೀರನ್ನು ತಂದನು. ಈ ಕಾರ್ಯಕ್ಕಾಗಿ ತನಗೆ ಸಲ್ಲಬೇಕಾಗಿದ್ದ ದೊಡ್ಡ ಮೊತ್ತವನ್ನು ಅವನು ಸ್ವೀಕರಿಸಲಿಲ್ಲವೆಂಬುದು ಸ್ಮರಣೀಯ.

ನೀರನ್ನು ಮರಳಿನ ಮೂಲಕ ಹಾಯಿಸಿ ಶೋಧಿಸುವ ಪದ್ಧತಿ ಆಗ ಬಳಕೆಗೆ ಬರುತ್ತಿದ್ದಿತು. ಆದರೆ ಇಷ್ಟು ನೀರಿಗೆ ಎಷ್ಟು ವಿಸ್ತಾರದ, ಎಷ್ಟು ದಪ್ಪದ ಮರಳಿನ ಹಾಸು ಬೇಕೆಂಬುದನ್ನು ಗೊತ್ತುಮಾಡುವ ನಿಯಮ ಯಾವುದೂ ಇರಲಿಲ್ಲ. ಆದುದರಿಂದ ಡಾರ್ಸಿಯು 1855ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಡಿಜೋನಿನ ಆಸ್ಪತ್ರೆಯೊಂದರಲ್ಲಿ ಪ್ರಯೋಗಗಳನ್ನು ಪ್ರಾರಂಭಿಸಿದನು. ಒಳವ್ಯಾಸ 0.35 ಮೀಟರ್ ಇದ್ದ ಲೋಹದ ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿ, ಅದರೊಳಗೆ ಸೋನ್ ನದಿಯ ಮರಳನ್ನು ತುಂಬಿ, ಮೇಲಿನಿಂದ ನೀರನ್ನು ಹಾಯಿಸಿ, ಮೇಲೂ ಕೆಳಗೂ ಒತ್ತಡವನ್ನು ಪಾದರಸದ ಮಾಪಕಗಳಿಂದ ಅಳೆದನು. ಸಮೀಪದ ನಲ್ಲಿಗಳನ್ನು ಜನರು ತೆರೆದು ಮುಚ್ಚುತ್ತಿದ್ದುದರಿಂದ ಪಾದರಸವು ಸ್ಥಿರವಾಗಿ ನಿಲ್ಲದೆ ತೂಗಾಡುತ್ತಿದ್ದಿತು, ಸರಾಸರಿಯನ್ನು ಹಿಡಿಯಬೇಕಾಯಿತು. 1856ರಲ್ಲಿ ಪ್ರಕಟವಾದ, ಡಿಜೋನಿನ ಸಾರ್ವಜನಿಕ ಕಾರಂಜಿಗಳನ್ನು ಕುರಿತ ಅವನ ಬೃಹದ್ಗ್ರಂಥದ ಅನುಬಂಧದಲ್ಲಿ ಫಲಿತಾಂಶ ಅಡಕವಾಗಿದೆ.

ಆ ಫಲಿತಾಂಶ ಅತ್ಯಂತ ಸರಳ. ಹರಿಯುವ ನೀರಿನ ಪ್ರಮಾಣವು ಮರಳಿನ ಕಂಬದ ಅಡ್ಡಕೊಯ್ತದ ವಿಸ್ತಾರಕ್ಕೂ, ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟಗಳ ವ್ಯತ್ಯಾಸಕ್ಕೂ ಅನುಲೋಮವಾಗಿ, ಕಂಬದ ಉದ್ದಕ್ಕೆ ವಿಲೋಮವಾಗಿ ಇರುತ್ತದೆ. ಮಟ್ಟದ ವ್ಯತ್ಯಾಸವನ್ನು ಇಮ್ಮಡಿ ಮಾಡಿದರೆ ನೀರು ಇಮ್ಮಡಿಯಾಗಿ ಹರಿಯುತ್ತದೆ. ಕಂಬವನ್ನು ಇಮ್ಮಡಿ ಉದ್ದ ಮಾಡಿದರೆ ಅರ್ಧಕ್ಕೆ ಇಳಿಯುತ್ತದೆ. ಉಳಿದುದೆಲ್ಲ ಒಂದೇ ಒಂದು ಗುಣಕದಲ್ಲಿ ಅಡಗಿದೆ. ಅದು ಮರಳಿನ ಸ್ವಭಾವವನ್ನೂ ದ್ರವದ ಸ್ನಿಗ್ಧತೆಯನ್ನೂ ಒಳಗೊಂಡಿದೆ. ಸ್ನಿಗ್ಧತೆ ಮೊದಲಾದ ದ್ರವದ ಪಾಲನ್ನು ಬೇರ್ಪಡಿಸಿದ ಮೇಲೆ ಉಳಿಯುವುದೇ ಶುದ್ಧ ಪಾರಗಮ್ಯತೆ. ಇದು ವಸ್ತುವಿಗೆ ಮಾತ್ರ ಸೇರಿದ ಗುಣ. ಅದರೊಳಗೆ ನೀರು ಹರಿದರೂ ಎಣ್ಣೆ ಹರಿದರೂ ಬದಲಾಗತಕ್ಕದ್ದಲ್ಲ. ಮುಂದೆ ಈ ಮಾತು ನಮಗೆ ಬಹಳ ಪ್ರಯೋಜನಕ್ಕೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

3

ಡಾರ್ಸಿಯ ನಿಯಮವು ‘ಎಷ್ಟು’ ಎಂಬುದನ್ನು ತಿಳಿಸಿತು. ‘ಏಕೆ ಅಷ್ಟು’ ಎಂಬುದನ್ನು ತಿಳಿಸಲಿಲ್ಲ. ಮರಳನ್ನು ಕಣ್ಣಿನಿಂದ ನೋಡಿ, ಹರಳುಗಳನ್ನು ಅಳೆದು, ಅದರ ಪಾರಗಮ್ಯತೆಯನ್ನು ಮುಂಚಿತವಾಗಿಯೇ ಹೇಳಲು ಸಾಧ್ಯವೆ? ವಿಯೆನ್ನದ ಕೊಜೆನಿ 1927ರಲ್ಲಿಯೂ, ತರುವಾಯ ಕಾರ್ಮನ್ 1937ರಲ್ಲಿಯೂ ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟರು. ರಂಧ್ರಗಳನ್ನು ಬಳಸುದಾರಿಯ ಸಣ್ಣ ಕೊಳವೆಗಳ ಕಟ್ಟೆಂದು ಕಲ್ಪಿಸಿಕೊಂಡು, ಕೊಳವೆಗಳಲ್ಲಿನ ಪ್ರವಾಹದ ನಿಯಮವನ್ನು ಅನ್ವಯಿಸಿದುದೇ ಅವರ ಯುಕ್ತಿ. ಈ ಸೂತ್ರದ ಪ್ರಕಾರ, ಅರ್ಧ ಮಿಲಿಮೀಟರ್ ವ್ಯಾಸದ ದುಂಡು ಹರಳುಗಳಿಂದಾದ, 40 ಶೇಕಡ ರಂಧ್ರತೆಯುಳ್ಳ ಮರಳಿನಲ್ಲಿ, ಒಂದು ಮೀಟರ್ ದಪ್ಪಕ್ಕೆ ಒಂದು ಮೀಟರ್ ಮಟ್ಟದ ವ್ಯತ್ಯಾಸವಿದ್ದರೆ, ಸೆಕೆಂಡಿಗೆ ಸುಮಾರು 2.4 ಮಿಲಿಮೀಟರ್ ಎತ್ತರದ ನೀರು ಇಳಿಯಬೇಕು. ಹರಳುಗಳ ವ್ಯಾಸವನ್ನು ಹತ್ತರಲ್ಲೊಂದು ಭಾಗಕ್ಕೆ ಇಳಿಸಿದರೆ, ರಂಧ್ರತೆ ಅಷ್ಟೇ ಇದ್ದರೂ, ನೀರು ನೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಜೇಡಿಮಣ್ಣಿನ ರಹಸ್ಯ ಇದೇ ಆಗಿದೆ.

ಹರಳುಗಳು ದುಂಡಾಗಿ ಸಮಗಾತ್ರದವಾಗಿದ್ದಲ್ಲಿ ಈ ಸೂತ್ರ ಚೆನ್ನಾಗಿಯೇ ನಡೆಯುತ್ತದೆ. ಆದರೆ ನಿಜವಾದ ಕಲ್ಲುಗಳಲ್ಲಿ ಹರಳುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಕೆಲವು ರಂಧ್ರಗಳು ಕುರುಡುದಾರಿಗಳಾಗಿರುತ್ತವೆ. ಕೆಲವು ಅಗಲವಾದ ಕೋಣೆಗಳಂತಿದ್ದು ಬಾಗಿಲು ಮಾತ್ರ ಕಿರಿದಾಗಿರುತ್ತದೆ. ದ್ರವಗಳ ಚಲನೆಯ ಮೂಲ ಸಮೀಕರಣಗಳು ತಿಳಿಯದಿದ್ದುವೆಂದಲ್ಲ. ನಾವಿಯೇ 1822ರಲ್ಲಿ, ಸ್ಟೋಕ್ಸ್ 1845ರಲ್ಲಿ ಅವನ್ನು ನಿರೂಪಿಸಿದ್ದರು. ಕಷ್ಟವಿದ್ದುದು ಎಲ್ಲೆಕಟ್ಟಿನಲ್ಲಿ. ಸಮೀಕರಣವನ್ನು ಬಿಡಿಸಲು ದ್ರವದ ಎಲ್ಲೆ ಎಲ್ಲಿದೆಯೆಂದು ಹೇಳಬೇಕು. ಒಂದು ಹಿಡಿ ಮರಳಿನಲ್ಲಿ ಆ ಎಲ್ಲೆಯು ಸಾವಿರಾರು ಹರಳುಗಳ ಮೈಯನ್ನು ಬಳಸಿಕೊಂಡು ಹೋಗುತ್ತದೆ. ಅಂತಹ ಎಲ್ಲೆಗೆ ಹೊಂದುವ ಉತ್ತರವನ್ನು ಕೈಬರಹದ ಗಣಿತದಿಂದ ಪಡೆಯುವುದು ಅಸಾಧ್ಯವಾಗಿದ್ದಿತು.

4

ದ್ರವವನ್ನು ಕಣಗಳಾಗಿ ಎಣಿಸುವ ಆಲೋಚನೆ ಬೇರೊಂದು ಕಡೆಯಿಂದ ಬಂದಿತು. ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಶಾಲೆಯಲ್ಲಿ ಫ್ರಾನ್ಸಿಸ್ ಹಾರ್ಲೋ 1950ರ ದಶಕದ ನಡುವಿನಲ್ಲಿ ದ್ರವಪ್ರವಾಹದ ಗಣನೆಗೆ ಕಣಗಳನ್ನು ಬಳಸಿದನು. 1957ರಲ್ಲಿ ಆಲ್ಡರ್ ಮತ್ತು ವೇನ್‌ರೈಟ್ ಎಂಬವರು ಗಟ್ಟಿಗೋಲಿಗಳಂತಹ ಅಣುಗಳ ಚಲನೆಯನ್ನು ಗಣಕಯಂತ್ರದಲ್ಲಿ ಹಿಂಬಾಲಿಸಿ, ಕೆಲವು ನೂರು ಕಣಗಳ ವರ್ತನೆಯಿಂದಲೇ ವಸ್ತುವಿನ ಸಾಮೂಹಿಕ ಸ್ವಭಾವ ಹೊರಡುವುದೆಂದು ತೋರಿಸಿದರು.

ಆದರೆ ನೀರಿನ ಪ್ರತಿಯೊಂದು ಅಣುವನ್ನೂ ಹಿಂಬಾಲಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಒಂದು ಹನಿಯ ಅಣುಗಳನ್ನು ಎಣಿಸುವುದಕ್ಕೇ ಕೋಟಿ ಕೋಟಿಗಳ ಲೆಕ್ಕ ಸಾಲದು. ಇಲ್ಲಿ ಒಂದು ಸೂಕ್ಷ್ಮವಾದ ವಿಚಾರ ಸಹಾಯಕ್ಕೆ ಬಂದಿತು. ನೀರು, ಗಾಳಿ, ಎಣ್ಣೆ ಇವುಗಳ ಅಣುಗಳು ಪರಸ್ಪರ ಬಹಳ ಭಿನ್ನವಾಗಿದ್ದರೂ, ಅವು ಹರಿಯುವ ನಿಯಮ ಒಂದೇ. ಹಾಗಾದರೆ ಅಣುಗಳ ವಿವರಗಳು ಪ್ರವಾಹಕ್ಕೆ ಮುಖ್ಯವಲ್ಲ. ಡಿಕ್ಕಿಯಲ್ಲಿ ದ್ರವ್ಯವೂ ಸಂವೇಗವೂ ನಷ್ಟವಾಗದಿರುವುದು ಮಾತ್ರ ಮುಖ್ಯ. ಆದುದರಿಂದ ಇವೆರಡನ್ನು ಉಳಿಸಿಕೊಂಡು, ಮಿಕ್ಕ ವಿಷಯಗಳಲ್ಲಿ ಸಾಧ್ಯವಾದಷ್ಟು ಸರಳವಾದ ಒಂದು ಕೃತಕ ಅಣುಲೋಕವನ್ನು ನಿರ್ಮಿಸಿದರೆ ಸಾಲದೆ?

ಈ ಪ್ರಶ್ನೆಗೆ ಮೊದಲ ಉತ್ತರವನ್ನು ಫ್ರಾನ್ಸಿನ ಆರ್ಡಿ, ಪೊಮೊ ಮತ್ತು ಡಿ ಪಾಜಿಸ್ 1973ರಲ್ಲಿ ಕೊಟ್ಟರು. ಚದುರಂಗದ ಹಲಗೆಯಂತಹ ಚೌಕ ಜಾಲದ ಗೆರೆಗಳ ಮೇಲೆ ಕಣಗಳು ಏಕವೇಗದಿಂದ ಸಾಗುತ್ತವೆ. ಎರಡು ಕಣಗಳು ಎದುರೆದುರಾಗಿ ಸಂಧಿಸಿದರೆ ಲಂಬದಿಕ್ಕಿಗೆ ತಿರುಗುತ್ತವೆ. ಇದು ರಮ್ಯವಾದ ರಚನೆಯಾದರೂ ಒಂದು ದೋಷವಿದ್ದಿತು. ಚೌಕಕ್ಕೆ ನಾಲ್ಕೇ ದಿಕ್ಕುಗಳಿರುವುದರಿಂದ, ಅದರಲ್ಲಿ ಹರಿಯುವ ದ್ರವಕ್ಕೆ ಗೆರೆಗಳ ದಿಕ್ಕಿನಲ್ಲಿ ಒಂದು ಸ್ವಭಾವ, ಓರೆಯಲ್ಲಿ ಇನ್ನೊಂದು ಸ್ವಭಾವ. ನಿಜವಾದ ನೀರಿಗೆ ಇಂತಹ ದಿಕ್ಕಿನ ಪಕ್ಷಪಾತವಿಲ್ಲವಷ್ಟೆ.

1986ರಲ್ಲಿ ಫ್ರಿಶ್, ಹ್ಯಾಸ್ಲಾಕರ್ ಮತ್ತು ಪೊಮೊ ಈ ದೋಷವನ್ನು ಪರಿಹರಿಸಿದರು. ಚೌಕಕ್ಕೆ ಬದಲಾಗಿ ಸಮಬಾಹು ತ್ರಿಕೋನಗಳ ಜಾಲವನ್ನು ಅವರು ಆರಿಸಿಕೊಂಡರು. ಅಲ್ಲಿ ಪ್ರತಿ ಸಂಧಿಯಿಂದ ಆರು ದಿಕ್ಕುಗಳು ಹೊರಡುತ್ತವೆ. ಒಂದು ಸಂಧಿಯಲ್ಲಿ ಒಂದು ದಿಕ್ಕಿಗೆ ಹೆಚ್ಚೆಂದರೆ ಒಂದು ಕಣ; ಹೀಗೆ ಪ್ರತಿ ಸಂಧಿಯ ಸ್ಥಿತಿಯನ್ನು ಆರು ‘ಇದೆ–ಇಲ್ಲ’ಗಳಿಂದ ಬರೆಯಬಹುದು; ಒಟ್ಟು 64 ಸ್ಥಿತಿಗಳು. ಎರಡು ಕಣಗಳು ಎದುರಾದರೆ ಆ ಜೋಡಿಯು 60 ಅಂಶಗಳಷ್ಟು ಎಡಕ್ಕೋ ಬಲಕ್ಕೋ ತಿರುಗುತ್ತದೆ. ಎಡವೆ ಬಲವೆ ಎಂಬುದನ್ನು ಅದೃಷ್ಟಕ್ಕೆ ಬಿಡಲಾಗಿದೆ. ಮೂರು ಕಣಗಳು ಸಮಾಂತರ ಕೋನಗಳಿಂದ ಬಂದು ಕೂಡಿದರೆ ಮೂರೂ 60 ಅಂಶ ತಿರುಗಿ ಹಿಂದಿರುಗುತ್ತವೆ. ಇಷ್ಟೇ ನಿಯಮ. ಇಂತಹ ಕಣಗಳನ್ನು ವಿಶಾಲವಾದ ಪ್ರದೇಶಗಳಲ್ಲಿ ಸರಾಸರಿ ಮಾಡಿ ನೋಡಿದರೆ, ಮಂದಗತಿಯ ಪ್ರವಾಹದಲ್ಲಿ ನಾವಿಯೇ–ಸ್ಟೋಕ್ಸ್ ಸಮೀಕರಣಗಳೇ ಮೂಡಿಬರುತ್ತವೆಂದು ಅವರು ಗಣಿತದಿಂದ ಸಾಧಿಸಿದರು. ಇದನ್ನು ಜಾಲಕ ಅನಿಲ ವಿಧಾನವೆಂದು ಕರೆಯಲಾಗಿದೆ.

5

ರಂಧ್ರಮಯ ವಸ್ತುಗಳ ಅಧ್ಯಯನಕ್ಕೆ ಈ ವಿಧಾನ ಹೇಳಿಮಾಡಿಸಿದಂತಿದ್ದಿತು. ಕಾರಣವಿಷ್ಟೆ: ಹಳೆಯ ಗಣಿತದಲ್ಲಿ ಅತ್ಯಂತ ಕಷ್ಟವಾಗಿದ್ದ ಎಲ್ಲೆಕಟ್ಟು ಇಲ್ಲಿ ಅತ್ಯಂತ ಸುಲಭವಾಯಿತು. ಜಾಲದ ಯಾವ ಸಂಧಿಗಳು ಕಲ್ಲು, ಯಾವುವು ಬಯಲು ಎಂದು ಗುರುತು ಹಾಕಿದರೆ ಮುಗಿಯಿತು. ಕಲ್ಲಿಗೆ ತಾಗಿದ ಕಣ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಹೋಗುವ ಕಣಗಳೂ ಮರಳುವ ಕಣಗಳೂ ಸರಿಸಮವಾಗುವುದರಿಂದ ಗೋಡೆಯ ಬಳಿ ದ್ರವದ ಸರಾಸರಿ ವೇಗ ಸೊನ್ನೆಯಾಗುತ್ತದೆ. ನಿಜವಾದ ನೀರು ಗೋಡೆಗೆ ಅಂಟಿಕೊಂಡು ನಿಲ್ಲುವುದೂ ಹೀಗೆಯೇ. ಗೋಡೆ ಎಷ್ಟೇ ಡೊಂಕಾಗಿದ್ದರೂ ನಿಯಮ ಬದಲಾಗುವುದಿಲ್ಲ. ಅಲ್ಲಲ್ಲಿ ಕೆಲವು ಕಣಗಳ ದಿಕ್ಕನ್ನು ಒಂದೇ ಕಡೆಗೆ ತಿರುಗಿಸುತ್ತ ಬಂದರೆ, ಅದು ಒತ್ತಡದ ವ್ಯತ್ಯಾಸದ ಕೆಲಸವನ್ನು ಮಾಡುತ್ತದೆ. 1988ರಲ್ಲಿ ಅಮೆರಿಕದ ಭೂವಿಜ್ಞಾನಿ ಡೇನಿಯಲ್ ರಾಥ್‌ಮನ್ ಈ ಕ್ರಮದಿಂದ ರಂಧ್ರಮಯ ಮಾಧ್ಯಮದ ಪ್ರವಾಹವನ್ನು ಗಣಿಸಿ, ಕಣಗಳ ಗುಂಪು ಡಾರ್ಸಿಯ ನಿಯಮವನ್ನೇ ಪಾಲಿಸುವುದನ್ನು ತೋರಿಸಿದನು. ಆ ನಿಯಮವನ್ನು ಯಾರೂ ಕಣಗಳಿಗೆ ಕಲಿಸಿರಲಿಲ್ಲವೆಂಬುದು ಗಮನಾರ್ಹ.

ಆದರೂ ಎರಡು ತೊಡಕುಗಳು ಉಳಿದುವು. ಒಂದು, ಆಯಾಮದ ತೊಡಕು. ಕಾಗದದ ಮೇಲೆ ದುಂಡು ಬಿಲ್ಲೆಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟರೆ, ಅವುಗಳ ನಡುವೆ ದಾರಿಯೇ ಇರುವುದಿಲ್ಲ. ಗೋಲಿಗಳನ್ನು ಡಬ್ಬಿಯಲ್ಲಿ ತುಂಬಿದಾಗಲಾದರೋ, ಅವು ತಾಗಿಕೊಂಡಿದ್ದರೂ ನೀರು ಸುತ್ತಿ ಬಳಸಿ ಹೊರಬರುತ್ತದೆ. ಆದುದರಿಂದ ಸಮತಲದ ಗಣನೆ ನಿಜವಾದ ಕಲ್ಲಿಗೆ ಸಾಲದು; ಮೂರು ಆಯಾಮಗಳು ಬೇಕೇ ಬೇಕು. ಆದರೆ ದಿಕ್ಕಿನ ಪಕ್ಷಪಾತವಿಲ್ಲದ ಸರಳ ಜಾಲ ಮೂರು ಆಯಾಮಗಳಲ್ಲಿ ದೊರೆಯಲಿಲ್ಲ. ನಾಲ್ಕು ಆಯಾಮಗಳ, 24 ದಿಕ್ಕುಗಳ ಜಾಲವೊಂದನ್ನು ಕಲ್ಪಿಸಿ ಅದರ ನೆರಳನ್ನು ಮೂರು ಆಯಾಮಗಳಿಗೆ ಇಳಿಸಬೇಕಾಯಿತು. ಅಲ್ಲಿ ಒಂದೊಂದು ಸಂಧಿಗೆ ಸಾಧ್ಯವಾದ ಸ್ಥಿತಿಗಳು 1,67,77,216. ಎರಡನೆಯದು, ಗದ್ದಲದ ತೊಡಕು. ಕಣಗಳು ಇವೆ ಅಥವಾ ಇಲ್ಲ, ಅರ್ಧ ಕಣವೆಂಬುದಿಲ್ಲ. ಆದುದರಿಂದ ಯಾವುದೇ ಜಾಗದ ವೇಗವು ಕ್ಷಣಕ್ಷಣಕ್ಕೂ ತೂಗಾಡುತ್ತದೆ; ಬಹುಕಾಲದ ಸರಾಸರಿಯಿಂದ ಮಾತ್ರ ಸತ್ಯ ಹೊರಡುತ್ತದೆ. ಡಾರ್ಸಿಯ ಪಾದರಸ ತೂಗಾಡಿದಂತೆಯೇ ಇದೂ ಎನ್ನಬಹುದು.

ಈ ಎರಡು ತೊಡಕುಗಳಿಂದಲೂ ಬಿಡುಗಡೆ ದೊರಕಿದುದು ಬೋಲ್ಟ್ಸ್‌ಮನ್ನನ ಹಳೆಯ ವಿಚಾರದಿಂದ. ಒಂದೊಂದು ಕಣವನ್ನು ಎಣಿಸುವ ಬದಲು, ಒಂದು ಸಂಧಿಯಲ್ಲಿ ಒಂದು ದಿಕ್ಕಿಗೆ ಸಾಗುವ ಕಣಗಳ ಸರಾಸರಿ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳಬಹುದು. ಮ್ಯಾಕ್ನಮಾರ ಮತ್ತು ಜನೆಟ್ಟಿ 1988ರಲ್ಲಿ ಹೀಗೆ ಮಾಡಿದರು. ಹಿಗುಯೇರಾ ಮತ್ತು ಹಿಮೆನೆಸ್ 1989ರಲ್ಲಿ ಅದನ್ನು ಸರಳಗೊಳಿಸಿದರು. ಅದೇ ವರ್ಷ ಸುಚ್ಚಿ ಮತ್ತು ಅವನ ಸಂಗಡಿಗರು ಮೂರು ಆಯಾಮಗಳ ಅಸ್ತವ್ಯಸ್ತ ರಂಧ್ರಗಳಲ್ಲಿ ಇದನ್ನು ನಡೆಸಿ ನೋಡಿದರು. 1992ರಲ್ಲಿ ಚಿಯಾನ್, ದ್ಯುಮಿಯೇರ್ ಮತ್ತು ಲಾಲ್ಮಾಂ ಎಂಬವರು ಡಿಕ್ಕಿಯ ನಿಯಮವನ್ನು ಇನ್ನೂ ಹಗುರಗೊಳಿಸಿದರು: ಪ್ರತಿ ಹೆಜ್ಜೆಯಲ್ಲಿಯೂ ಕಣಗಳ ಹಂಚಿಕೆಯು ತನ್ನ ಸಮಸ್ಥಿತಿಯ ಕಡೆಗೆ ಒಂದು ನಿಯತ ಪಾಲಿನಷ್ಟು ಸರಿಯುತ್ತದೆ, ಆ ಪಾಲು ಎಷ್ಟೆಂಬುದೇ ದ್ರವದ ಸ್ನಿಗ್ಧತೆಯನ್ನು ನಿರ್ಣಯಿಸುತ್ತದೆ. ಇಂದು ಜಾಲಕ ಬೋಲ್ಟ್ಸ್‌ಮನ್ ವಿಧಾನವೆಂದು ಪ್ರಸಿದ್ಧವಾಗಿರುವುದು ಇದೇ.

ಈ ಸರಳ ಡಿಕ್ಕಿಯ ನಿಯಮದೊಡನೆ ನಮ್ಮ ನಾಡಿಗೆ ಒಂದು ನಿಜವಾದ ಸಂಬಂಧವಿದೆ. ಅದನ್ನು 1954ರಲ್ಲಿ ಮೊದಲು ನಿರೂಪಿಸಿದ ಮೂವರು ಭಟ್ನಾಗರ್, ಗ್ರಾಸ್ ಮತ್ತು ಕ್ರೂಕ್. ಅವರ ಹೆಸರುಗಳಿಂದಲೇ ಅದನ್ನು ಲೋಕವೆಲ್ಲ ಗುರುತಿಸುತ್ತದೆ. ಇವರಲ್ಲಿ ಮೊದಲನೆಯವರಾದ ಪ್ರಭುಲಾಲ್ ಭಟ್ನಾಗರ್ ಅವರು 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಅಲ್ಲಿ ಅನ್ವಿತ ಗಣಿತ ವಿಭಾಗವನ್ನು ಕಟ್ಟಿ ಬೆಳೆಸಿದರು. ಅನಿಲಗಳ ಸಿದ್ಧಾಂತಕ್ಕಾಗಿ ರಚಿಸಿದ ಆ ಸೂತ್ರವು ಮುಂದೆ ಮರಳುಗಲ್ಲಿನೊಳಗಣ ನೀರನ್ನು ಗಣಿಸಲು ನೆರವಾಗುವುದನ್ನು ನೋಡಲು ಅವರಿಗೆ ಅವಕಾಶವಾಗಲಿಲ್ಲ. 1976ರಲ್ಲಿ ಅವರು ನಿಧನರಾದರು.

6

ಜಾಲವನ್ನೇ ಕೈಬಿಟ್ಟ ಇನ್ನೊಂದು ಕಣವಿಧಾನವೂ ಉಂಟು. 1977ರಲ್ಲಿ ಲೂಸಿ ಎಂಬವನೂ, ಅವನಿಂದ ಬೇರೆಯಾಗಿ ಗಿಂಗೋಲ್ಡ್ ಮತ್ತು ಮಾನಹನ್ ಎಂಬವರೂ ನಕ್ಷತ್ರಗಳ ಅಧ್ಯಯನಕ್ಕಾಗಿ ಇದನ್ನು ರೂಪಿಸಿದರು. ಇಲ್ಲಿಯ ಕಣ ಅಣುವಲ್ಲ. ದ್ರವದ ಒಂದು ಮುದ್ದೆ. ಪ್ರತಿಯೊಂದು ಮುದ್ದೆಯೂ ತನ್ನ ಸುತ್ತ ಮಸುಕಾಗಿ ಹರಡಿಕೊಂಡಿರುತ್ತದೆ. ನೆರೆಹೊರೆಯ ಮುದ್ದೆಗಳ ಸಾಂದ್ರತೆಯನ್ನೂ ಒತ್ತಡವನ್ನೂ ವಿಚಾರಿಸಿಕೊಂಡು ತನ್ನ ಮುಂದಿನ ಹೆಜ್ಜೆಯನ್ನು ಇಡುತ್ತದೆ. ಮಾರಿಸ್, ಫಾಕ್ಸ್ ಮತ್ತು ಜೂ ಎಂಬವರು 1997ರಲ್ಲಿ ಇದನ್ನು ಮಂದಪ್ರವಾಹಗಳಿಗೆ ಹೊಂದಿಸಿ, 1999ರಲ್ಲಿ ರಂಧ್ರಗಳ ಮಟ್ಟದ ಗಣನೆಗೆ ಅನ್ವಯಿಸಿದರು. ಬರಿದಾದ ರಂಧ್ರದೊಳಗೆ ನೀರು ಗಾಳಿಯನ್ನು ತಳ್ಳಿಕೊಂಡು ನುಗ್ಗುವಂತಹ ಸಂದರ್ಭಗಳಲ್ಲಿ, ಎರಡು ದ್ರವಗಳ ಗಡಿಯನ್ನು ಕಣಗಳೇ ಹೊತ್ತು ಸಾಗುವುದರಿಂದ, ಈ ವಿಧಾನ ಬಹಳ ಅನುಕೂಲ. ಆದರೆ ಪ್ರತಿ ಕಣವೂ ಪ್ರತಿ ಹೆಜ್ಜೆಯಲ್ಲಿ ನೆರೆಯವರನ್ನು ಹುಡುಕಬೇಕಾಗುವುದರಿಂದ ಗಣನೆಯ ವೆಚ್ಚ ಅಧಿಕ.

7

ಈಗ ಸಾಕ್ಷ್ಯದ ಪ್ರಶ್ನೆಗೆ ಬರೋಣ. ಯಂತ್ರವು ಒಂದು ಸಂಖ್ಯೆಯನ್ನು ಕೊಟ್ಟಿತೆಂದಮಾತ್ರಕ್ಕೆ ಅದು ಪ್ರಮಾಣವಾಗುವುದಿಲ್ಲ. ಮೂರು ಪರೀಕ್ಷೆಗಳನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ.

ಮೊದಲನೆಯದು, ಸಾಕ್ಷಿಯ ಮಾತಿನಲ್ಲಿ ಸ್ವವಿರೋಧವಿದೆಯೆ ಎಂಬುದು. ಪಾರಗಮ್ಯತೆಯು ವಸ್ತುವಿಗೆ ಮಾತ್ರ ಸೇರಿದುದೆಂದೂ, ದ್ರವದ ಸ್ನಿಗ್ಧತೆಯಿಂದ ಬದಲಾಗಬಾರದೆಂದೂ ಮೇಲೆ ಹೇಳಿದೆವು. ಆದರೆ ಜಾಲಕ ಬೋಲ್ಟ್ಸ್‌ಮನ್ ವಿಧಾನದ ಅತಿ ಸರಳ ರೂಪದಲ್ಲಿ, ಅದೇ ಕಲ್ಲಿನಲ್ಲಿ ಸ್ನಿಗ್ಧತೆಯನ್ನು ಬದಲಿಸಿದರೆ ಪಾರಗಮ್ಯತೆಯೂ ಬದಲಾಗುವುದೆಂದು ಕಂಡುಬಂದಿತು. ಕಾರಣವನ್ನು ಹುಡುಕಿದಾಗ ತಿಳಿದುದಿಷ್ಟು: ಕಣವು ಗೋಡೆಯಿಂದ ಹಿಂದಿರುಗುವ ನಿಯಮದಲ್ಲಿ, ಗೋಡೆಯು ನಿಜವಾಗಿ ಎಲ್ಲಿ ನಿಂತಿದೆಯೆಂಬುದು ಸ್ನಿಗ್ಧತೆಯನ್ನು ಅವಲಂಬಿಸಿ ತುಸು ಸರಿಯುತ್ತದೆ. ಅಗಲವಾದ ಕೊಳವೆಯಲ್ಲಿ ಈ ಸರಿತ ನಗಣ್ಯ; ಜಾಲದ ನಾಲ್ಕೈದು ಮನೆಗಳಷ್ಟೇ ಅಗಲದ ರಂಧ್ರದಲ್ಲಿ ಅದು ಫಲಿತಾಂಶವನ್ನೇ ಕೆಡಿಸುತ್ತದೆ. ದ್ಯುಮಿಯೇರ್, ಗಿನ್ಸ್‌ಬರ್ಗ್ ಮೊದಲಾದವರು, ಸಮಸ್ಥಿತಿಯ ಕಡೆಗೆ ಸರಿಯುವ ಪಾಲನ್ನು ಒಂದೇ ಆಗಿ ಇಡದೆ ಎರಡು ಅಥವಾ ಹಲವನ್ನಾಗಿ ಮಾಡಿ, ಗೋಡೆಯನ್ನು ಸ್ಥಿರವಾಗಿ ನಿಲ್ಲಿಸುವ ಉಪಾಯವನ್ನು ಕಂಡುಹಿಡಿದರು. ಡಾರ್ಸಿಯ ನಿಯಮದ ಅರಿವು ಇಲ್ಲದಿದ್ದಲ್ಲಿ ಈ ತಪ್ಪು ಬಯಲಾಗುತ್ತಲೇ ಇರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡನೆಯದು, ಮೂಲಪಾಠದ ಪರೀಕ್ಷೆ. 1980ರ ದಶಕದಿಂದ ಈಚೆಗೆ ಕ್ಷ–ಕಿರಣಗಳ ನೆರವಿನಿಂದ ಕಲ್ಲಿನ ಒಳರಚನೆಯನ್ನು, ಅದನ್ನು ಒಡೆಯದೆಯೇ, ಮೂರು ಆಯಾಮಗಳಲ್ಲಿ ಚಿತ್ರಿಸುವುದು ಸಾಧ್ಯವಾಗಿದೆ. ಪ್ಯಾರಿಸಿನ ಬಳಿಯ ಫೊಂಟೆನ್‌ಬ್ಲೋ ಮರಳುಗಲ್ಲು ಬಹುಮಟ್ಟಿಗೆ ಶುದ್ಧ ಸ್ಫಟಿಕಶಿಲೆಯ ಹರಳುಗಳಿಂದಾದುದರಿಂದ ಇಂತಹ ಪರಿಶೀಲನೆಗಳಿಗೆ ಮೆಚ್ಚಿನ ಕಲ್ಲಾಗಿದೆ. ಫೆರಿಯೋಲ್ ಮತ್ತು ರಾಥ್‌ಮನ್ 1995ರಲ್ಲಿ ಅದರ ಚಿತ್ರದೊಳಗೆ ಪ್ರವಾಹವನ್ನು ಗಣಿಸಿದರು. ಆದರೆ ಕ್ಷ–ಕಿರಣದ ಚಿತ್ರವು ಬೂದು ಬಣ್ಣದ ಛಾಯೆಗಳಿಂದ ಕೂಡಿರುತ್ತದೆ. ಯಾವ ಛಾಯೆಯವರೆಗೆ ಕಲ್ಲು, ಯಾವುದರಿಂದ ಮುಂದೆ ಬಯಲು ಎಂಬುದನ್ನು ಮನುಷ್ಯನೇ ತೀರ್ಮಾನಿಸಬೇಕು. ಸವೆದ ಶಾಸನದಲ್ಲಿ ಅಕ್ಷರ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ನಿರ್ಣಯಿಸುವ ಶ್ರಮವನ್ನು ಬಲ್ಲವರಿಗೆ ಇದರ ಕಷ್ಟ ಅರ್ಥವಾದೀತು. 2013ರಲ್ಲಿ ಪ್ರಕಟವಾದ ತುಲನಾತ್ಮಕ ಅಧ್ಯಯನವೊಂದರಲ್ಲಿ, ಅವೇ ಚಿತ್ರಗಳನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆಯಾಗಿ ಓದಿದುದು ಕಂಡುಬಂದಿತು. ಗಣನೆ ಎಷ್ಟೇ ನಿಷ್ಕೃಷ್ಟವಾಗಿದ್ದರೂ ಓದಿನ ದೋಷವನ್ನು ಅದು ತಿದ್ದಲಾರದು.

ಮೂರನೆಯದು, ಸಾಕ್ಷಿಯ ವ್ಯಾಪ್ತಿ. ಒಂದು ಕಡೆಗೆ 500 ಮನೆಗಳುಳ್ಳ ಘನಾಕಾರದ ಜಾಲದಲ್ಲಿ 12.5 ಕೋಟಿ ಮನೆಗಳಿರುತ್ತವೆ. ಸಾಮಾನ್ಯವಾಗಿ ಬಳಸುವ 19 ದಿಕ್ಕುಗಳ ಕ್ರಮದಲ್ಲಿ, ಯಂತ್ರವು ಸುಮಾರು 237 ಕೋಟಿ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡು ಪ್ರತಿ ಹೆಜ್ಜೆಯಲ್ಲಿಯೂ ತಿದ್ದಬೇಕು. ಒಂದು ಮನೆಯ ಅಳತೆ ಮಿಲಿಮೀಟರಿನ 200ರಲ್ಲೊಂದು ಭಾಗವಾದರೆ, ಇಷ್ಟು ಶ್ರಮದಿಂದ ನಮಗೆ ತಿಳಿಯುವ ಕಲ್ಲಿನ ತುಂಡು ಎರಡೂವರೆ ಮಿಲಿಮೀಟರಿನದು. ರಾಗಿಯ ಕಾಳಿಗಿಂತ ತುಸು ದೊಡ್ಡದು. ಒಂದೇ ಬಗೆಯ ಹರಳುಗಳ ಮರಳುಗಲ್ಲಿನಲ್ಲಿ ಈ ತುಂಡು ಇಡೀ ಪದರದ ಪ್ರತಿನಿಧಿಯಾಗಬಹುದು. ಬಿರುಕುಗಳಿಂದ ಕೂಡಿದ ಕಲ್ಲಿನಲ್ಲಿ ಆಗಲಾರದು. ಒಂದು ಗ್ರಾಮದ ದಾನಶಾಸನದಿಂದ ಇಡೀ ರಾಜ್ಯದ ಭೂಕಂದಾಯವನ್ನು ಊಹಿಸಿದಂತಾಗುತ್ತದೆ ಅಷ್ಟೆ.

8

ಇದು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಾದ ವಿಷಯವೆಂದು ತಿಳಿಯಬಾರದು. ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ 1996ರಿಂದ ನಾರ್ವೆ ದೇಶದವರು ಅಂಗಾರಾಮ್ಲ ಅನಿಲವನ್ನು ಸಮುದ್ರತಳದ ಕೆಳಗಣ ಮರಳುಗಲ್ಲಿನ ಪದರಕ್ಕೆ ತುಂಬತೊಡಗಿದರು. ಹಾಗೆ ತುಂಬಿದುದು ಶತಮಾನಗಳ ಕಾಲ ಅಲ್ಲಿಯೇ ಉಳಿಯುವುದೆ, ಮೇಲಕ್ಕೆ ದಾರಿ ಮಾಡಿಕೊಳ್ಳುವುದೆ ಎಂಬುದು ರಂಧ್ರಗಳ ನಡತೆಯನ್ನು ಅವಲಂಬಿಸಿದೆ. ನಮ್ಮಲ್ಲಿಯೂ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯಜಲವನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಿ ಅಂತರ್ಜಲವನ್ನು ಹೆಚ್ಚಿಸುವ ಯೋಜನೆ ನಡೆದಿದೆ. ಕೆರೆಯಿಂದ ಇಳಿದ ನೀರು ಬಾವಿಯನ್ನು ಸೇರುವ ಮುನ್ನ ಎಷ್ಟು ಕಾಲ ಮಣ್ಣಿನ ಹರಳುಗಳ ನಡುವೆ ತಂಗುತ್ತದೆ, ಅಲ್ಲಿ ಏನನ್ನು ಬಿಟ್ಟು ಏನನ್ನು ಹೊತ್ತು ಬರುತ್ತದೆ ಎಂಬುದು ಆ ಬಾವಿಯ ನೀರನ್ನು ಕುಡಿಯುವ ಜನರಿಗೆ ಬಹು ಮುಖ್ಯವಾದ ವಿಷಯ. ಆ ಪ್ರದೇಶದ ನೆಲವಾದರೋ ಡಾರ್ಸಿಯ ಮರಳಿನ ಕಂಬವಲ್ಲ. ಮೇಲೆ ಶಿಥಿಲವಾದ ಮಣ್ಣು. ಕೆಳಗೆ ಗಟ್ಟಿಯಾದ ಪದರಶಿಲೆ ಮತ್ತು ಕಣಶಿಲೆ. ನೀರು ಸಾಗುವುದು ಬಿರುಕುಗಳ ದಾರಿಯಿಂದ. ಮೇಲಿನ ಮಣ್ಣಿನಲ್ಲಿ ಸರಾಸರಿ ನಿಯಮ ನಡೆಯಬಹುದು. ಬಿರುಕಿನೊಳಗೆ ಹೊಕ್ಕ ನೀರು ಆ ಸರಾಸರಿಯನ್ನು ಮೀರಿ ವೇಗವಾಗಿ ದೂರದ ಬಾವಿಯನ್ನು ತಲುಪಬಹುದು. ಆದುದರಿಂದ ಇಂತಹ ನೆಲದಲ್ಲಿ ಗಣನೆಯ ಜೊತೆಗೆ ಬಾವಿಗಳ ನೀರನ್ನು ಕಾಲಕಾಲಕ್ಕೆ ಅಳೆದು ಪರೀಕ್ಷಿಸಿ ಬರೆದಿಡುವುದು ಅನಿವಾರ್ಯ.

ಕಣಗಣನೆಯು ಪ್ರಯೋಗಕ್ಕೆ ಬದಲಿಯಲ್ಲ, ತರ್ಕಕ್ಕೂ ಬದಲಿಯಲ್ಲ. ಕಣ್ಣು ಹೊಗಲಾರದ ರಂಧ್ರದೊಳಗೆ ಏನು ನಡೆಯಬಹುದೆಂಬುದನ್ನು ಅದು ತೋರಿಸುತ್ತದೆ. ಅದು ನಡೆದಿದೆಯೆ ಎಂಬುದನ್ನು ಹೊರಗಣ ಅಳತೆಯಿಂದ ನಾವು ಒರೆಹಚ್ಚಿ ನೋಡಬೇಕು. ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದು ಕಾಲೇಜಿನ ವಿದ್ಯಾರ್ಥಿಗಳು ಹಿಂಜರಿಯಬೇಕಾಗಿಲ್ಲ. ತ್ರಿಕೋನಗಳ ಗೆರೆಹಾಕಿದ ಒಂದು ಕಾಗದ, ಮೇಲೆ ವಿವರಿಸಿದ ಎರಡು ಡಿಕ್ಕಿಯ ನಿಯಮಗಳು ಮತ್ತು ಒಂದು ನಾಣ್ಯ ಇದ್ದರೆ 1986ರ ವಿಧಾನವನ್ನು ಕೈಯಿಂದಲೇ ಹತ್ತಾರು ಹೆಜ್ಜೆ ನಡೆಸಿ ನೋಡಬಹುದು. ಅದರ ಪಕ್ಕದಲ್ಲಿ ಒಂದು ಗಾಜಿನ ಕೊಳವೆ, ಜರಡಿ ಹಿಡಿದ ಮರಳು, ಒಂದು ಅಳತೆಯ ಪಾತ್ರೆ ಮತ್ತು ಗಡಿಯಾರ ಇದ್ದರೆ ಡಾರ್ಸಿಯ ಪ್ರಯೋಗವನ್ನೂ ಮಾಡಬಹುದು. ವಿಜ್ಞಾನ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಇವೆರಡನ್ನೂ ನಡೆಸಿ, ತಮಗೆ ದೊರೆತ ಅಂಕೆಗಳನ್ನು ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಬರೆದಿಟ್ಟರೆ, ಈ ಲೇಖನದಲ್ಲಿ ಮಾತಿನಿಂದ ಹೇಳಲೆತ್ನಿಸಿದುದು ಅವರಿಗೆ ಇನ್ನೂ ಸ್ಪಷ್ಟವಾದೀತೆಂದು ನಂಬಿದ್ದೇವೆ.